ಬ್ರೇಸ್ ಹಾಕೋ ಮಗುವಿಗೆ ಶೂ ಯಾರು ಕೊಡಬೇಕು? ಕಬ್ಬಿಣದ ಬೂಟಿನಿಂದ ಜಿಪ್ ಶೂವರೆಗೆ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಒಂದು ಪ್ರಶ್ನೆ. ನಿಮ್ಮ ಈಗಿನ ಶೂ ಕೊಳ್ಳೋಕೆ ಎಷ್ಟು ಹೊತ್ತು ಹಿಡೀತು? ಹತ್ತು ನಿಮಿಷ? ಫೋನಲ್ಲೇ ತಗೊಂಡಿದ್ರೆ ಎರಡು ನಿಮಿಷ. ಇದೇ ಪ್ರಶ್ನೆನ ಕಾಲಿಗೆ ಬ್ರೇಸ್ ಹಾಕೋ ಮಗುವಿನ ಅಪ್ಪ-ಅಮ್ಮನ್ನ ಕೇಳಿದ್ರೆ, ಅವರು ಲೆಕ್ಕ ಹೇಳೋದು ದಿನಗಳಲ್ಲಿ.

ಇವತ್ತಿನ ಸಂಚಿಕೆ ಅದರ ಬಗ್ಗೆ. ಕಾಲಿಗೆ ಬ್ರೇಸ್ ಹಾಕೋ ಮಕ್ಕಳ ಶೂಗಳ ಚರಿತ್ರೆ. ಇದರಲ್ಲಿ ಚರಿತ್ರೆ ಏನಿದೆ ಅಂತ ಅನ್ನಿಸಬಹುದು. ತುಂಬಾ ಇದೆ. ಯಾಕಂದ್ರೆ ಒಂದು ಕಾಲದಲ್ಲಿ ಈ ಮಕ್ಕಳಿಗೆ ಶೂ ಹುಡುಕೋ ಕೆಲಸವೇ ಇರಲಿಲ್ಲ. ಬ್ರೇಸ್ ಮಾಡಿದ ಕೈಯೇ ಶೂ ಕೂಡ ಕೊಡ್ತಿತ್ತು. ಆಮೇಲೆ ಬ್ರೇಸ್ ಸುಧಾರಿಸಿತು, ಹಗುರ ಆಯ್ತು, ಚೆಂದ ಆಯ್ತು. ಅದೇ ಹೊತ್ತಿಗೆ ಶೂ ಮಾತ್ರ ಯಾರ ಜವಾಬ್ದಾರಿಯೂ ಅಲ್ಲದೆ ಉಳೀತು. ಇದು ಹೇಗಾಯ್ತು ಅಂತ ನೋಡೋಣ.

1741ರಿಂದ ಶುರು ಮಾಡೋಣ. ನಿಕೊಲಾ ಆಂಡ್ರಿ ಅನ್ನೋ ಫ್ರೆಂಚ್ ವೈದ್ಯರು ಒಂದು ಪುಸ್ತಕ ಬರೆದ್ರು. ಗ್ರೀಕ್ ಭಾಷೆಯ ಎರಡು ಪದ ಜೋಡಿಸಿ ಅದಕ್ಕೊಂದು ಹೊಸ ಹೆಸರು ಕಟ್ಟಿದ್ರು. ಒಂದು ಪದದ ಅರ್ಥ ‘ನೆಟ್ಟಗೆ’, ಇನ್ನೊಂದರ ಅರ್ಥ ‘ಮಗು’. ಇವತ್ತು ನಾವು ಆರ್ಥೋಪೆಡಿಕ್ಸ್ ಅನ್ನೋ ಪದ ಹುಟ್ಟಿದ್ದು ಅಲ್ಲಿಂದ. ಅಂದ್ರೆ ಮೂಳೆ ಡಾಕ್ಟರ ಬೋರ್ಡಿನಲ್ಲಿರೋ ಆ ಪದದೊಳಗೆ ಒಂದು ಮಗು ಇದೆ! ಪುಸ್ತಕ ಬರೆದದ್ದು ಕೂಡ ತಂದೆ-ತಾಯಂದಿರಿಗಾಗಿ. ಅದರಲ್ಲಿದ್ದ ಒಂದು ಚಿತ್ರ ಈಗಲೂ ಪ್ರಸಿದ್ಧ: ಸೊಟ್ಟಗೆ ಬೆಳೆದ ಎಳೆ ಮರವನ್ನ ಒಂದು ಗೂಟಕ್ಕೆ ಹಗ್ಗದಿಂದ ಕಟ್ಟಿರೋದು. ಬ್ರೇಸ್ ಅಂದ್ರೆ ಆ ಗೂಟ ಅಂದ್ಕೊಳ್ಳಿ. ಆದ್ರೆ ಮರ ನಡೆಯಲ್ಲ, ಮಗು ನಡೀಬೇಕು. ಶೂ ಪ್ರಶ್ನೆ ಏಳೋದು ಅಲ್ಲೇ.

ಈಗ ಸುಮಾರು ನೂರು ವರ್ಷ ಮುಂದಕ್ಕೆ, ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಬನ್ನಿ. ಹ್ಯೂ ಓವೆನ್ ಥಾಮಸ್ ಅನ್ನೋ ವೈದ್ಯರು, ಹುಟ್ಟಿದ್ದು 1834ರಲ್ಲಿ. ಇವರದ್ದು ತಲೆತಲಾಂತರದಿಂದ ಮೂಳೆ ಕಟ್ಟೋ ಮನೆತನ. ನಮ್ಮಲ್ಲಿ ಪುತ್ತೂರು ಕಟ್ಟು ಅಂತೀವಲ್ಲ, ಅಂಥ ಮನೆ. ಥಾಮಸ್ ಮಾತ್ರ ವೈದ್ಯಶಾಸ್ತ್ರ ಓದಿ ಡಾಕ್ಟರ್ ಆದ್ರು. ಆದ್ರೂ ಮನೆತನದ ಕೈಗುಣ ಬಿಡಲಿಲ್ಲ. ಅವರ ಚಿಕಿತ್ಸೆ ನಡೀತಿದ್ದ ಜಾಗದಲ್ಲೇ ಕಬ್ಬಿಣದ ಕೆಲಸ, ಚರ್ಮದ ಕೆಲಸ ಕೂಡ ನಡೀತಿತ್ತು. ರೋಗಿಯ ಅಳತೆ ತಗೊಂಡು ಅಲ್ಲೇ ಸರಳು ಬಗ್ಗಿಸಿ, ಅಲ್ಲೇ ಚರ್ಮ ಹೊಲೀತಿದ್ರು. ಅವರ ಹೆಸರಿನ ‘ಥಾಮಸ್ ಸ್ಪ್ಲಿಂಟ್’ ಮೊದಲ ಮಹಾಯುದ್ಧದಲ್ಲಿ ತೊಡೆ ಮೂಳೆ ಮುರಿದ ಎಷ್ಟೋ ಸೈನಿಕರನ್ನ ಉಳಿಸಿತು. ‘ಥಾಮಸ್ ಹೀಲ್’ ಅಂತ ಶೂ ಹಿಮ್ಮಡಿಯ ಒಂದು ವಿನ್ಯಾಸಕ್ಕೂ ಅವರದ್ದೇ ಹೆಸರು. ಒಬ್ಬ ಮೂಳೆ ಡಾಕ್ಟರ ಹೆಸರು ಶೂ ಹಿಮ್ಮಡಿ ಮೇಲೆ ಇದೆ ಅಂದ್ರೆ, ಆ ಕಾಲಕ್ಕೆ ಶೂ ಕೂಡ ಚಿಕಿತ್ಸೆಯ ಒಳಗೇ ಇತ್ತು ಅಂತಲೇ ಅರ್ಥ.

ಕ್ಯಾಲಿಪರ್ ಅನ್ನೋದನ್ನ ನಮ್ಮ ಅಜ್ಜಿ-ತಾತನ ಕಾಲದವರು ಚೆನ್ನಾಗಿ ನೋಡಿದ್ದಾರೆ. ಕಾಲಿನ ಎರಡೂ ಬದಿಗೆ ಕಬ್ಬಿಣದ ಸರಳು, ತೊಡೆಗೂ ಮಂಡಿಗೂ ಚರ್ಮದ ಪಟ್ಟಿ. ಆ ಸರಳುಗಳ ಕೆಳತುದಿ ಎಲ್ಲಿಗೆ ಹೋಗ್ತಿತ್ತು? ಬೂಟಿನ ಹಿಮ್ಮಡಿಯೊಳಗೆ. ಹಿಮ್ಮಡಿಯಲ್ಲಿ ಅಡ್ಡಕ್ಕೆ ಒಂದು ಲೋಹದ ಕೊಳವೆ, ಅದರ ಎರಡೂ ಬಾಯಿಗೆ ಸರಳಿನ ಬಾಗಿದ ತುದಿ ತೂರಿಸೋದು. ಬೂಟಿಲ್ಲದೆ ಬ್ರೇಸ್ ನಿಲ್ಲೋದೇ ಇಲ್ಲ. ಹಾಗಾಗಿ ಬ್ರೇಸ್ ಮಾಡೋರು ಬೂಟನ್ನೂ ಕೊಡಲೇಬೇಕಿತ್ತು.

ಇದನ್ನ ಸ್ವರ್ಣಯುಗ ಅಂತ ತಿಳ್ಕೋಬೇಡಿ. ಆ ಬೂಟು ಭಾರ, ಕಂದು ಅಥವಾ ಕಪ್ಪು ಬಣ್ಣ, ಎಲ್ಲರಿಗೂ ಒಂದೇ ರೂಪ. ಅಂಗಳದಲ್ಲಿ ಆಡೋ ಹತ್ತು ಮಕ್ಕಳಲ್ಲಿ ‘ಆ ಮಗು’ ಯಾರು ಅಂತ ದೂರದಿಂದಲೇ ಗೊತ್ತಾಗ್ತಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಲ್ಲಿ ಕಾಲಿನ ಶಕ್ತಿ ಹೋಯ್ತು. ಅವರ ಉಕ್ಕಿನ ಬ್ರೇಸ್‌ಗಳು ಎದ್ದು ಕಾಣಬಾರದು ಅಂತ ಕಪ್ಪು ಬಣ್ಣ ಬಳಿಸಿದ್ರು, ಕಪ್ಪು ಶೂ ಜೊತೆ ಬೆರೆತುಹೋಗಲಿ ಅಂತ. ಅಷ್ಟು ದೊಡ್ಡ ಮನುಷ್ಯನಿಗೇ ಅದನ್ನ ಮುಚ್ಚಿಡಬೇಕು ಅನ್ನಿಸಿದ್ರೆ, ಶಾಲೆಗೆ ಹೋಗೋ ಮಗುವಿನ ಪಾಡು ಊಹಿಸ್ಕೊಳ್ಳಿ.

ಈ ಕಬ್ಬಿಣದ ಬೂಟು ತಣ್ಣನೆ ದೇಶಗಳಿಂದ ನಮ್ಮಂಥ ದೇಶಗಳಿಗೆ ಬಂದಾಗ ಎರಡು ಸಮಸ್ಯೆ. ಒಂದು ದುಡ್ಡು. ಇನ್ನೊಂದು ನಾವು ಬದುಕೋ ರೀತಿ.

ದುಡ್ಡಿನ ಸಮಸ್ಯೆಗೆ ಒಂದು ಒಳ್ಳೆ ಉತ್ತರ ಬಂದದ್ದು ಆಫ್ರಿಕಾದಿಂದ. 1960ರ ದಶಕದಲ್ಲಿ ಉಗಾಂಡದ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ರೊನಾಲ್ಡ್ ಹಕ್‌ಸ್ಟೆಪ್ ಅನ್ನೋ ಸರ್ಜನ್ ಇದ್ರು. ಪೋಲಿಯೊ ಆದ ಮಕ್ಕಳು ತೆವಳ್ಕೊಂಡು ಬರ್ತಿದ್ರು. ಆಮದು ಬೂಟು ಕೊಳ್ಳೋ ಶಕ್ತಿ ಯಾರಿಗಿದೆ? ಅವರು ಸ್ಥಳೀಯ ಕಬ್ಬಿಣದ ಸರಳಿಂದ ಸರಳವಾದ ಕ್ಯಾಲಿಪರ್ ಮಾಡಿಸಿದ್ರು. ಬೂಟಿನ ಬದಲು ಮರದ ಅಟ್ಟೆಯ ಪಾದರಕ್ಷೆ. ನಮ್ಮ ಹಾವುಗೆ ನೆನಪಿಸ್ಕೊಳ್ಳಿ, ಅದಕ್ಕೆ ಮೇಲೊಂದು ಚರ್ಮದ ಹೊದಿಕೆ. ಸರಳು ನೇರ ಆ ಮರದ ಹಿಮ್ಮಡಿಗೆ. ಕಡಿಮೆ ಖರ್ಚು, ಊರಲ್ಲೇ ರಿಪೇರಿ. ಗಮನಿಸಿ, ಅವರು ಬ್ರೇಸ್ ಮಾತ್ರ ಅಗ್ಗ ಮಾಡಿ ಕೈ ತೊಳ್ಕೊಳ್ಳಲಿಲ್ಲ. ಕಾಲಡಿ ಹಾಕೋದನ್ನೂ ಜೊತೆಗೇ ಯೋಚಿಸಿದ್ರು.

ಬದುಕೋ ರೀತಿಯ ಪ್ರಶ್ನೆಗೆ ಜೈಪುರ ನೋಡಬೇಕು. ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ‘ಮಾಸ್ಟರ್‌ಜಿ’ ರಾಮಚಂದ್ರ ಶರ್ಮಾ ಸೇರಿ ‘ಜೈಪುರ ಫುಟ್’ ರೂಪಿಸಿದ್ದು 1960ರ ದಶಕದ ಕೊನೆಗೆ. 1981ರಲ್ಲಿ ಸೇಥಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ಕೃತಕ ಪಾದ, ಬ್ರೇಸ್ ಅಲ್ಲ. ಆದ್ರೆ ಅದರ ಹಿಂದಿನ ಪ್ರಶ್ನೆ ನಮ್ಮ ಕಥೆಗೆ ನೇರ ಸಂಬಂಧಿಸಿದ್ದು. ವಿದೇಶಿ ಕೃತಕ ಪಾದ ಶೂ ಒಳಗೆ ಇರೋಕೆ ಅಂತಲೇ ಮಾಡಿದ್ದು. ಇಲ್ಲಿನ ಜನ ಚಪ್ಪಲಿ ಹೊರಗೆ ಬಿಡ್ತಾರೆ, ನೆಲದ ಮೇಲೆ ಕೂರ್ತಾರೆ, ಗದ್ದೆ ಕೆಸರಲ್ಲಿ ಇಳೀತಾರೆ. ಬೂಟಿಗೆ ಕಟ್ಟಿದ ಕ್ಯಾಲಿಪರ್‌ಗೂ ಇದೇ ತೊಂದರೆ ಅಲ್ವಾ? ಬೂಟು ಬಿಚ್ಚಿದ್ರೆ ಬ್ರೇಸೇ ಹೋಯ್ತು. ದೇವರ ಮನೆಗೆ ಹೋಗೋದು ಹೇಗೆ, ಅಜ್ಜಿ ಪಕ್ಕ ಚಾಪೆ ಮೇಲೆ ಕೂತು ಊಟ ಮಾಡೋದು ಹೇಗೆ?

ಅಷ್ಟರಲ್ಲಿ ಪ್ಲಾಸ್ಟಿಕ್ ಬಂತು. 1960ರ ದಶಕದ ಕೊನೆಯಿಂದ ಪಾಲಿಪ್ರೊಪಿಲೀನ್ ಹಾಳೆಯಲ್ಲಿ ಬ್ರೇಸ್ ಮಾಡೋದು ಶುರುವಾಯ್ತು. ಮಗುವಿನ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೀತಾರೆ. ಆ ಅಚ್ಚಿನ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ ಹೊದಿಸ್ತಾರೆ. ಆರಿದ ಮೇಲೆ ಕತ್ತರಿಸಿ, ಅಂಚು ನಯ ಮಾಡಿ, ವೆಲ್ಕ್ರೋ ಪಟ್ಟಿ ಹಾಕಿದ್ರೆ ಎಎಫ್‌ಒ ರೆಡಿ. ಪಾದದಿಂದ ಮಂಡಿಯ ಕೆಳಗಿನವರೆಗೆ ಬರೋ ಬ್ರೇಸ್ ಇದು. ಹಗುರ, ತೊಳೀಬಹುದು, ಚಿಟ್ಟೆ ಚಿತ್ರ ಕೂಡ ಹಾಕಿಸ್ಕೋಬಹುದು.

ಆದ್ರೆ ದೊಡ್ಡ ಬದಲಾವಣೆ ಇದಲ್ಲ. ಮೊದಲು ಶೂ ಒಳಗೆ ಕಾಲು, ಹೊರಗೆ ಬ್ರೇಸ್. ಈಗ ಕಾಲಿನ ಸುತ್ತ ಬ್ರೇಸ್, ಅದರ ಮೇಲೆ ಶೂ. ಬ್ರೇಸ್ ಶೂ ಒಳಗೆ ಹೋಯ್ತು. ಬ್ರೇಸ್ ಮಾಡೋರಿಗೆ ಇನ್ನು ಶೂ ಕೊಡೋ ಅನಿವಾರ್ಯ ಇಲ್ಲ. ‘ಸ್ವಲ್ಪ ದೊಡ್ಡ ಸೈಜಿನ ಶೂ ತಗೊಳ್ಳಿ’ ಅಂತ ಒಂದು ಮಾತು ಹೇಳಿದ್ರೆ ಮುಗೀತು. ಶೂ ಆಸ್ಪತ್ರೆಯಿಂದ ಹೊರಗೆ ಬಂದು ಬಜಾರಿನ ಪಾಲಾಯ್ತು.

ಬಜಾರಿನ ವಿಷಯ ಬಂದ್ರೆ ನನ್ನ ಬಿ.ಕಾಂ. ಬುದ್ಧಿ ಎಚ್ಚರ ಆಗುತ್ತೆ. ನನ್ನ ಅಕ್ಕನ ಮಗನಿಗೆ ಎಡಗಾಲಿಗೆ ಎಎಫ್‌ಒ ಇದೆ. ಕಳೆದ ಮೇ ತಿಂಗಳಲ್ಲಿ ಶಾಲೆಯ ಕಪ್ಪು ಶೂಗೆ ಅಂತ ಅಕ್ಕನ ಜೊತೆ ನಾನೂ ಹೋಗಿದ್ದೆ. ಎಡಗಾಲಿಗೆ ಬೇಕಾದ ಸೈಜು ಬೇರೆ, ಬಲಗಾಲಿಗೆ ಬೇರೆ. ನಾಲ್ಕನೇ ಅಂಗಡಿಯವರು ಪಾಪ ಒಳ್ಳೆಯವರೇ. “ಮೇಡಂ, ಒಂದೊಂದು ಸೈಜಲ್ಲಿ ಒಂದೊಂದು ಕೊಟ್ರೆ, ಉಳಿದ ಎರಡನ್ನ ನಾನು ಯಾರಿಗೆ ಮಾರಲಿ?” ಅಂದ್ರು. ಅವರ ಲೆಕ್ಕ ಸರಿಯೇ. ಶೂ ಮಾರಾಟದ ಘಟಕವೇ ‘ಒಂದು ಜೊತೆ’. ಕಾರ್ಖಾನೆ, ಡಬ್ಬಿ, ಬಾರ್‌ಕೋಡ್, ಸ್ಟಾಕ್ ಪುಸ್ತಕ, ಎಲ್ಲವೂ ಎರಡೂ ಪಾದ ಒಂದೇ ಅಳತೆ ಅನ್ನೋ ನಂಬಿಕೆ ಮೇಲೆ ನಿಂತಿದೆ. ಅದಕ್ಕೆ ಹೊಂದದ ಮಗುವಿನ ಖರ್ಚು ಎರಡರಷ್ಟು. ಅಕ್ಕ ಎರಡು ಜೊತೆ ತಗೊಂಡ್ಲು. “ಉಳಿದಿದ್ದು ಏನು ಮಾಡ್ತೀಯೇ?” ಅಂದೆ. “ಅಟ್ಟದ ಮೇಲೆ ಆಗಲೇ ಮೂರಿದೆ ಕಣೋ, ಇವೂ ಸೇರ್ಕೊಳ್ಳುತ್ತೆ” ಅಂದ್ಲು. ಮಗು ಬೆಳೆದ ಹಾಗೆ ಬ್ರೇಸ್ ಬದಲಾಗುತ್ತೆ, ಬ್ರೇಸ್ ಬದಲಾದಾಗ ಶೂ ಬದಲಾಗುತ್ತೆ. ಈ ಖರ್ಚು ಯಾವ ಆಸ್ಪತ್ರೆ ಬಿಲ್ಲಿನಲ್ಲೂ ಕಾಣಲ್ಲ.

ಹಾಗಾದ್ರೆ ಮಾರುಕಟ್ಟೆ ಬದಲಾಗೋದೇ ಇಲ್ವಾ? ಆಗುತ್ತೆ, ಯಾರಾದ್ರೂ ಗಟ್ಟಿಯಾಗಿ ಕೇಳಿದಾಗ. 2012ರಲ್ಲಿ ಅಮೆರಿಕದ ಮ್ಯಾಥ್ಯೂ ವಾಲ್ಜರ್ ಅನ್ನೋ ಹುಡುಗ ನೈಕಿ ಕಂಪನಿಗೆ ಒಂದು ಪತ್ರ ಬರೆದ. ಅವನಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಬಟ್ಟೆ ತಾನೇ ಹಾಕ್ಕೊಳ್ತಿದ್ದ, ಲೇಸ್ ಕಟ್ಟೋಕೆ ಮಾತ್ರ ಆಗ್ತಿರಲಿಲ್ಲ. ಕಾಲೇಜಿಗೆ ಹೋದ್ಮೇಲೂ ಯಾರೋ ಒಬ್ಬರು ನನ್ನ ಶೂ ಕಟ್ಟಬೇಕಾ ಅನ್ನೋದು ಅವನ ಚಿಂತೆ. 2015ರಲ್ಲಿ ಹಿಮ್ಮಡಿ ಕಡೆಗೆ ಜಿಪ್ ತೆರೆಯೋ ‘ಫ್ಲೈಈಸ್’ ಶೂ ಬಂತು. ಸಿಯಾಟಲ್‌ನ ‘ಬಿಲ್ಲಿ ಫುಟ್‌ವೇರ್’ ಬೆರಳುಗಳ ಸುತ್ತ ಜಿಪ್ ಹಾಕಿ, ಶೂ ಮೇಲ್ಭಾಗ ಪೂರ್ತಿ ಮುಚ್ಚಳದ ಹಾಗೆ ತೆರೆಯೋ ಥರ ಮಾಡಿತು. ಬ್ರೇಸ್ ಹಾಕಿದ ಕಾಲನ್ನ ತುರುಕೋ ಬದಲು ಮೇಲಿಂದ ಇಟ್ಟು ಜಿಪ್ ಎಳೆದ್ರೆ ಆಯ್ತು. 2020ರಲ್ಲಿ ಅಮೆರಿಕದ ಆನ್‌ಲೈನ್ ಶೂ ಅಂಗಡಿ ಜ್ಯಾಪೋಸ್, ಒಂಟಿ ಶೂ ಮತ್ತು ಬೇರೆ ಬೇರೆ ಸೈಜಿನ ಜೊತೆ ಮಾರೋಕೆ ಶುರು ಮಾಡಿತು. ನಾಲ್ಕನೇ ಅಂಗಡಿಯ ಆ ಪ್ರಶ್ನೆಗೆ ಉತ್ತರ ಇದೆ, ಯಾರೋ ಮನಸ್ಸು ಮಾಡಬೇಕು ಅಷ್ಟೇ.

ನಮ್ಮಲ್ಲಿ ಪೋಲಿಯೊ ಹೋಯ್ತಲ್ಲ, ಇನ್ನು ಬ್ರೇಸ್ ಯಾರಿಗೆ ಅಂತ ನೀವು ಕೇಳಬಹುದು. ನಿಜ, 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯ್ತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಅನ್ನೋ ಪ್ರಮಾಣಪತ್ರವೂ ಸಿಕ್ಕಿತು. ಇದು ದೊಡ್ಡ ಗೆಲುವು. ಆದ್ರೆ ಸೆರೆಬ್ರಲ್ ಪಾಲ್ಸಿ, ಸ್ಪೈನಾ ಬಿಫಿಡಾ, ಸ್ನಾಯು ದೌರ್ಬಲ್ಯ ಇರೋ ಮಕ್ಕಳು ಇವತ್ತೂ ಬ್ರೇಸ್ ಹಾಕ್ತಾರೆ. ಬ್ರೇಸ್ ಕೊಡೋಕೆ ನಮ್ಮಲ್ಲಿ ವ್ಯವಸ್ಥೆ ಇದೆ. 1972ರಲ್ಲಿ ಕಾನ್ಪುರದಲ್ಲಿ ಕೇಂದ್ರ ಸರ್ಕಾರದ ಅಲಿಮ್ಕೊ ಶುರುವಾಯ್ತು. ಆದಾಯದ ಮಿತಿಯೊಳಗಿರೋ ಕುಟುಂಬಗಳಿಗೆ ಸಾಧನ ಸಲಕರಣೆ ಕೊಡೋ ಅಡಿಪ್ ಯೋಜನೆ ಇದೆ. ನಮ್ಮ ಬೆಂಗಳೂರಲ್ಲೇ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಕೆಲಸ ಮಾಡ್ತಿದೆ, ಬ್ರೇಸ್ ಮಾಡೋ ತಂತ್ರಜ್ಞರಿಗೆ ತರಬೇತಿ ಕೂಡ ಕೊಡುತ್ತೆ. ಬ್ರೇಸ್ ಮನೆಗೆ ಬಂದ ಮಾರನೇ ದಿನದ ಶೂ ಹುಡುಕಾಟ ಮಾತ್ರ ಬಹುತೇಕ ಮನೆಯವರ ತಲೆ ಮೇಲೆ.

ಅಂಥ ಮನೆಯವರು ಯಾರಾದ್ರೂ ಕೇಳ್ತಿದ್ರೆ, ಇಷ್ಟು ನೆನಪಿಡಿ. ಅಂಗಡಿಗೆ ಹೋಗುವಾಗ ಮಗು ಬ್ರೇಸ್ ಹಾಕ್ಕೊಂಡೇ ಇರಲಿ, ಒಳಗೆ ಉದ್ದನೆ ಕಾಲುಚೀಲವೂ ಇರಲಿ. ಒಳಗಿನ ಮೆತ್ತೆ ತೆಗೆಯೋಕೆ ಬರೋ ಶೂ ನೋಡಿ, ತೆಗೆದ್ರೆ ಬ್ರೇಸ್‌ಗೆ ಜಾಗ ಆಗುತ್ತೆ. ಬಾಯಿ ಬೆರಳಿನ ಹತ್ತಿರದವರೆಗೂ ತೆರೀಬೇಕು, ಮುಂಭಾಗ ಅಗಲ ಇರಬೇಕು. ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಸೈಜು ದೊಡ್ಡದು ಬೇಕಾಗುತ್ತೆ. ಅದಕ್ಕಿಂತ ದೊಡ್ಡದಾದ್ರೆ ಮಗು ಎಡವುತ್ತೆ. ಹಿಮ್ಮಡಿ ಎತ್ತರ ಬೇಡ, ಯಾಕಂದ್ರೆ ಹಿಮ್ಮಡಿ ಎದ್ದರೆ ಬ್ರೇಸ್ ಮುಂದಕ್ಕೆ ವಾಲಿ ಮಂಡಿ ಬಗ್ಗುತ್ತೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಬ್ರೇಸನ್ನ ಹಿಡಿದಿಡಲ್ಲ. ಬಿಚ್ಚಿದ ಮೇಲೆ ಕಾಲಲ್ಲಿ ಕೆಂಪು ಗುರುತು ಅರ್ಧ ಗಂಟೆ ಆದ್ರೂ ಹೋಗದಿದ್ರೆ ಬ್ರೇಸ್ ಮಾಡಿದವರಿಗೆ ತೋರಿಸಿ. ಕಾಲಲ್ಲಿ ಸ್ಪರ್ಶ ಕಡಿಮೆ ಇರೋ ಮಗುವಿಗೆ ನೋವು ಗೊತ್ತಾಗಲ್ಲ, ಹಾಗಾಗಿ ದಿನಾ ಕಣ್ಣಲ್ಲೇ ನೋಡಬೇಕು. ಕೊಂಡ ಶೂನ ಆರ್ಥೋಟಿಸ್ಟ್ ಹತ್ತಿರ ಒಯ್ದು, ಮಗುನ ನಡೆಸಿ ತೋರಿಸಿ. ಅದಕ್ಕೆ ಮುಂಚೆ ಬಿಲ್ ಬಿಸಾಕಬೇಡಿ.

ಈ ಪಟ್ಟಿಯೆಲ್ಲಾ ಹೊಸದೇನಲ್ಲ. ಕಾಲು, ಬ್ರೇಸ್, ಶೂ ಮೂರನ್ನೂ ಒಟ್ಟಿಗೆ ನೋಡೋ ಕೆಲಸವನ್ನ ಲಿವರ್‌ಪೂಲ್‌ನಲ್ಲಿ ಒಂದೇ ಸೂರಿನಡಿ ಮಾಡ್ತಿದ್ರು. ಈಗ ಅದನ್ನ ಒಬ್ಬ ಅಮ್ಮ, ಮಗು ಕೈ ಹಿಡ್ಕೊಂಡು, ಅಂಗಡಿಯಿಂದ ಅಂಗಡಿಗೆ ಅಲೆದು ಮಾಡ್ತಿದ್ದಾಳೆ. ಹಾಗಾಗಿ ಬ್ರೇಸ್‌ಗೆ ಅಳತೆ ಕೊಡೋ ದಿನವೇ, ಈ ಬ್ರೇಸ್‌ಗೆ ಯಾವ ಶೂ, ಎಲ್ಲಿ ಸಿಗುತ್ತೆ, ಹಿಮ್ಮಡಿ ಎಷ್ಟಿರಬೇಕು ಅಂತ ಕೇಳಿ ಬರೆಸ್ಕೊಳ್ಳಿ. ಶಾಲೆ ನಡೆಸೋರು ಕೇಳ್ತಿದ್ರೆ, ಇಂಥ ಮಗುವಿನ ಶೂ ಬಣ್ಣಕ್ಕೆ, ವೆಲ್ಕ್ರೋಗೆ ನಿಯಮ ಸಡಿಲ ಮಾಡಿ. ಶೂ ಅಂಗಡಿಯವರು ಕೇಳ್ತಿದ್ರೆ, ನಿಮ್ಮ ಬೀದಿಯ ಅಂಗಡಿಗಳೆಲ್ಲಾ ಸೇರಿ ಒಂಟಿ ಶೂಗಳಿಗೆ ಒಂದು ಡಬ್ಬಿ ಇಡಿ. ಒಬ್ಬರಿಗೆ ಉಳಿದದ್ದು ಇನ್ನೊಬ್ಬರಿಗೆ ಬೇಕಿರುತ್ತೆ. ನಮ್ಮಕ್ಕನ ಅಟ್ಟದ ಮೇಲಿನ ಐದು ಶೂಗಳನ್ನ ಮೊದಲು ನಾನೇ ತಂದು ಹಾಕ್ತೀನಿ.