ಕಡೆಗೀಲು

ಎತ್ತಿನಗಾಡಿ ಕಂಡವರಿಗೆ ಕಡೆಗೀಲು ಗೊತ್ತು. ಅಚ್ಚಿನ ತುದಿಯ ತೂತಿನಲ್ಲಿ ತೂರಿಸಿದ ಚೋಟುದ್ದದ ಕಬ್ಬಿಣದ ಕಡ್ಡಿ ಅದು. ಗಾಡಿ ಎಷ್ಟೇ ಕುಲುಕಿದರೂ ಗಾಲಿ ಹೊರಬೀಳದಂತೆ ತಡೆಯುವುದು ಅದೊಂದೇ. ಮನ್ಮನೆಯಿಂದ ಸಿದ್ದಾಪುರ ಪೇಟೆಗೆ ಅಡಿಕೆ ಹೇರಿಕೊಂಡು ಹೊರಡುವ ಮುನ್ನ ಅಜ್ಜ ಎರಡೂ ಕಡೆಗೀಲುಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ.

ಅಜ್ಜನ ತರುವಾಯ ಮನೆಗೆ ಡೀಸೆಲ್ ಪಂಪು ಬಂತು. ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸಲು ಹಳ್ಳದ ದಂಡೆಯಲ್ಲಿ ಎರಡು ಮರದ ದಿಮ್ಮಿ ಹಾಸಿ, ನಾಲ್ಕು ಬೋಲ್ಟು ಹಾಕಿ ಎಂಜಿನ್ ಕೂರಿಸಿದ್ದರು. ಪ್ರತಿ ನಟ್ಟಿನಡಿಗೂ ಒಂದೊಂದು ಸ್ಪ್ರಿಂಗ್ ವಾಶರ್. ಬಿಗಿ ಮಾಡುವ ಕೆಲಸ ಅಣ್ಣನದು. ನಾನಾಗ ಆರನೆಯ ಇಯತ್ತೆ. ಒಂದು ಸಂಜೆ ನಟ್ಟುಗಳು ಕಳಚಿ, ಎಂಜಿನ್ ವಾಲಿ, ಬೆಲ್ಟು ಹಾರಿತು. ಅಪ್ಪಯ್ಯನ ಬಲಗೈಯ ಎರಡು ಬೆರಳು ಹೋದವು. “ನೀ ಸಮಾ ಬಿಗಿ ಮಾಡಿದ್ದಿಲ್ಲೆ ಮಾಣಿ” ಎಂದು ಅಪ್ಪಯ್ಯ ಹೇಳಿದ್ದು ಒಂದೇ ಸಲ. ಅಣ್ಣನಿಗೆ ಅಷ್ಟು ಸಾಕಾಯಿತು. ಆಮೇಲೆ ಅವನು ಪಾನಾ ಹಿಡಿದದ್ದನ್ನು ನಾನು ಕಾಣೆ.

ಅಲುಗುವ ಕಡೆ ನಟ್ಟು ಸಡಿಲಾಗುವುದು ನಮ್ಮ ಹಳ್ಳದ ದಂಡೆಯ ಸಮಾಚಾರವಷ್ಟೇ ಅಲ್ಲ. ರೈಲು ಹಳಿಗಳ ತುದಿಗಳನ್ನು ಜೋಡಿಸುವ ಫಿಶ್‌ಪ್ಲೇಟಿಗೆ ಇಂಗ್ಲೆಂಡಿನ ವಿಲಿಯಂ ಬ್ರಿಜಸ್ ಆಡಮ್ಸ್ 1847ರಲ್ಲಿ ಪೇಟೆಂಟ್ ಪಡೆದ. ಅಂದಿನಿಂದ ರೈಲ್ವೆಯವರಿಗೆ ಇದೇ ಚಿಂತೆ. ಉದ್ದನೆಯ ಪಾನಾ ಹೊತ್ತು ಹಳಿಗುಂಟ ನಡೆಯುತ್ತ ಬೋಲ್ಟು ನೋಡುವ ಕೀಮ್ಯಾನ್ ಅದಕ್ಕೆಂದೇ ಇರುವವನು. ಸ್ಪ್ರಿಂಗ್ ವಾಶರಿನ ಮೇಲೆ ಎಲ್ಲರಿಗೂ ಭರವಸೆಯಿತ್ತು. ಸುರುಳಿ ಒತ್ತಿ ಹಿಡಿಯುತ್ತದೆ, ಅದರ ಚೂಪು ತುದಿ ನಟ್ಟನ್ನು ಕಚ್ಚುತ್ತದೆ ಎಂದು ತಿಳಿದಿದ್ದರು.

ಆ ಭರವಸೆಯನ್ನು ಅಲುಗಿಸಿದವನು ಜರ್ಮನಿಯ ಗೆರ್ಹಾರ್ಡ್ ಯುಂಕರ್. ಅವನ ಪ್ರಬಂಧ ಬಂದದ್ದು 1969ರಲ್ಲಿ. ಬೋಲ್ಟನ್ನು ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುವ ಎಳೆತವೇ ಬಿಗಿ. ಜೋಡಣೆ ಅಡ್ಡಡ್ಡ ಅಲುಗಿ ಜಾರತೊಡಗಿದರೆ ನಟ್ಟನ್ನು ಹಿಡಿದಿದ್ದ ಘರ್ಷಣೆ ಕ್ಷಣಹೊತ್ತು ತಪ್ಪುತ್ತದೆ. ಆಗ ನಟ್ಟು ಮರೆಯ ಇಳಿಜಾರಿನಲ್ಲಿ ತಾನಾಗಿ ಹಿಂದೆ ಸರಿಯುತ್ತದೆ. ಸ್ಪ್ರಿಂಗ್ ವಾಶರಾದರೋ ಬೋಲ್ಟು ಪೂರ್ತಿ ಬಿಗಿಯಾಗುವ ಮೊದಲೇ ಚಪ್ಪಟೆಯಾಗಿರುತ್ತದೆ. ಬೋಲ್ಟಿನ ಎಳೆತದ ಮುಂದೆ ಅದರ ಬಲ ಯಾವ ಲೆಕ್ಕಕ್ಕೂ ಇಲ್ಲ. ಯುಂಕರನ ರೀತಿಯ ಯಂತ್ರದಲ್ಲಿ ಅಲುಗಿಸಿ ನೋಡಿದಾಗ ಅಂಥ ಜೋಡಣೆಗಳು ಸಡಿಲಾದವು. ಜರ್ಮನಿಯಲ್ಲಿ ಈ ವಾಶರಿನ ಮಾನಕವಾಗಿದ್ದ ಡಿಐಎನ್ 127ನ್ನು ಆಮೇಲೆ ಹಿಂತೆಗೆದುಕೊಂಡರು.

ಇದನ್ನು ಓದಿದ ದಿನ ನನಗೆ ಅಣ್ಣನ ಮುಖ ನೆನಪಾಯಿತು. ನಮ್ಮ ಪಂಪಿಗೆ ಇನ್ನೊಂದು ಕಾರಣವೂ ಸೇರಿರಬೇಕು. ಮಳೆಗಾಲದಲ್ಲಿ ಉಬ್ಬಿದ ದಿಮ್ಮಿ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮರ ಕುಗ್ಗಿದಷ್ಟೂ ಬೋಲ್ಟಿನ ಎಳೆತ ಇಳಿಯುತ್ತದೆ. ಪಂಪು ಓಡುವುದಂತೂ ಬೇಸಿಗೆಯಲ್ಲೇ.

ಊರಿಗೆ ಹೋದಾಗ ಅಣ್ಣನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಂಗಾರೆ ಎಂತ ಹಾಕಕ್ಕಾಗಿತ್ತು?” ಎಂದ.

ಮರದ ಮೇಲಾದರೆ ಅಗಲವಾದ, ದಪ್ಪನೆಯ ಚಪ್ಪಟೆ ವಾಶರ್ ಬೇಕು. ಭಾರ ಹರಡಿ ಮರ ತಗ್ಗುಬೀಳುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಕೂಡಿ ಅಲುಗುವಲ್ಲಿ ಬೆಣೆಯ ವಾಶರುಗಳ ಜೋಡಿ ಹಾಕಬಹುದು. ಅವುಗಳ ಒಳಮೈಯ ಹಲ್ಲುಗಳ ಇಳಿಜಾರು ಮರೆಯ ಇಳಿಜಾರಿಗಿಂತ ಕಡಿದು. ಹಾಗಾಗಿ ನಟ್ಟು ಹಿಂದೆ ತಿರುಗಹೊರಟರೆ ಬೋಲ್ಟು ಇನ್ನಷ್ಟು ಬಿಗಿಯುತ್ತದೆ. ಕಿರೀಟದಂಥ ನಟ್ಟಿಗೆ ಸ್ಪ್ಲಿಟ್ ಪಿನ್ ತೂರಿಸುವ ಕ್ರಮವೂ ಉಂಟು. ಅದು ಬಿಗಿಯನ್ನು ಕಾಯದು, ನಟ್ಟು ಕಳಚಿ ಬೀಳದಂತೆ ತಡೆಯುತ್ತದೆ, ಅಷ್ಟೆ. ಯಾವುದನ್ನು ಹಾಕಿದರೂ ಮೊದಲು ಬೋಲ್ಟು ಸರಿಯಾಗಿ ಹಿಗ್ಗುವಷ್ಟು ಬಿಗಿಯಾಗಬೇಕು. ಕೆಲಸ ಶುರುವಾದ ಮೇಲೆ ಮತ್ತೆ ನೋಡಬೇಕು. ಇದನ್ನು ಅಣ್ಣನಿಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲ ಕೇಳಿ ಅಣ್ಣ, “ಅಜ್ಜ ದಿನಾ ಮುಟ್ಟಿ ನೋಡ್ತಿದ್ದ ಅಲ್ದಾ” ಎಂದ. ಅಪ್ಪಯ್ಯ ಈಗಿಲ್ಲ. ಇದ್ದಿದ್ದರೆ ಈ ಮಾತನ್ನು ಅವನಿಗೇ ಮೊದಲು ಹೇಳಬೇಕಿತ್ತು.