ಗಂಡುಕಲೆಯ ಉಡುಗೆ

ಬಡಗುತಿಟ್ಟಿನ ಯಕ್ಷಗಾನದಲ್ಲಿ ವೀರನ ಪಾತ್ರ ವಹಿಸುವ ಪುರುಷನು ಉಡುವುದು ಸೀರೆಯನ್ನು. ಕೆಂಪು, ಕಪ್ಪು, ಹಳದಿಗಳ ಚೌಕುಳಿಯುಳ್ಳ ಆ ಕಸೆಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮೇಲೆ ದಗಲೆ ತೊಟ್ಟು, ಮುಖಕ್ಕೆ ಅರದಾಳ ಇಂಗಳೀಕಗಳನ್ನು ತೀಡಿ, ಕಣ್ಣಿಗೆ ಕಾಡಿಗೆಯೆಳೆದು ರಂಗಸ್ಥಳಕ್ಕೆ ಬರುವ ಈ ಕಲೆಯನ್ನೇ ಕರಾವಳಿಯ ಜನ ಅಭಿಮಾನದಿಂದ ಗಂಡುಕಲೆಯೆಂದು ಕರೆಯುತ್ತ ಬಂದಿದ್ದಾರೆ. ಈ ಎರಡು ಸಂಗತಿಗಳ ನಡುವೆ ವಿರೋಧವೇನಾದರೂ ಉಂಟೆಂದು ಅವರಿಗೆ ಎಂದೂ ತೋರಿದಂತಿಲ್ಲ.

ಬಣ್ಣದ ಮನೆಯಾದ ಚೌಕಿಯಲ್ಲಿ ಕುಳಿತು ವೇಷ ಕಟ್ಟಿಕೊಳ್ಳುವುದು ಕುಣಿತದಷ್ಟೇ ದೀರ್ಘವಾದ ವಿದ್ಯೆ. ಹಗುರ ಮರವನ್ನು ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂರಿಸಿ ಮಾಡಿದ ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ವೀರಗಸೆ, ಕರ್ಣಪತ್ರಗಳು ಒಂದೊಂದಾಗಿ ಮೈಯೇರುತ್ತವೆ. ಅಭಿಮನ್ಯುವಿನಂತಹ ತರುಣ ವೀರನಿಗೆ ಕೇದಗೆ ಮುಂದಲೆ, ಕರ್ಣನಂತಹ ಪ್ರೌಢನಿಗೆ ಮುಂಡಾಸು, ಸಿಂಹಾಸನಾಧಿಪತಿಗೆ ಕಿರೀಟ. ಮುಂಡಾಸೋ ಪೆಟ್ಟಿಗೆಯಿಂದ ತೆಗೆದು ತಲೆಗಿಡುವ ವಸ್ತುವಲ್ಲ. ಒಳಗೆ ಅಟ್ಟೆಯನ್ನಿಟ್ಟು, ಕಪ್ಪು ಬಟ್ಟೆಯನ್ನು ಸುತ್ತಿ, ಜರಿಯ ಪಟ್ಟಿಗಳನ್ನು ಹದವಾಗಿ ಎಳೆದು, ಪ್ರತಿ ಇರುಳೂ ಹೊಸದಾಗಿ ಕಟ್ಟಬೇಕಾದುದು. ಹೀಗೆ ಸಾಮಾನ್ಯ ಮೈಕಟ್ಟಿನ ಬೇಸಾಯಗಾರನೊಬ್ಬನು, ತನ್ನ ದೇಹವನ್ನು ತೆರೆದು ತೋರಿಸುವುದರಿಂದಲ್ಲ, ಅದನ್ನು ಬಟ್ಟೆ ಮರ ಬಣ್ಣಗಳಲ್ಲಿ ಸಂಪೂರ್ಣ ಮರೆಸುವುದರಿಂದ, ದೀವಟಿಗೆಯ ಬೆಳಕಿನಲ್ಲಿ ಕನ್ನಡಿಯ ಚೂರುಗಳು ಮಿನುಗುತ್ತಿರಲು, ಮಾನುಷ ಪ್ರಮಾಣವನ್ನು ಮೀರಿದ ಆಕೃತಿಯಾಗುತ್ತಿದ್ದನು. ಆ ಭಾರವನ್ನು ಹೊತ್ತು ಮಂಡಿ ಹಾಕಿ ಗಿರಗಿರನೆ ತಿರುಗಿದರೂ ಮುಂಡಾಸು ವಾಲಬಾರದು, ಕಚ್ಚೆ ಸಡಿಲಬಾರದು. ನೋಡುವವರು ಮೆಚ್ಚಿದ ಪೌರುಷ ಇಂತಹುದು.

ಇದಕ್ಕೆ ಹೋಲಿಸಿದರೆ ಸ್ತ್ರೀವೇಷದ ಉಡುಗೆ ತೀರ ಸರಳ. ಅಲಂಕಾರವೆಂಬುದು ಹೆಣ್ಣಿನ ಸೊತ್ತೆಂದು ತಿಳಿದಿರುವ ನಮಗೆ, ಒಂದೇ ರಂಗಸ್ಥಳದಲ್ಲಿ ದ್ರೌಪದಿಗಿಂತ ಭೀಮನೇ ಹೆಚ್ಚು ಆಭರಣಗಳನ್ನು ಧರಿಸಿ ನಿಲ್ಲುವುದು ವಿಸ್ಮಯವೆನಿಸಬೇಕು. ದ್ರೌಪದಿಯ ವೇಷದಲ್ಲಿರುತ್ತಿದ್ದವನೂ ಪುರುಷನೇ. ಮೇಳ ಸೇರಿದ ಹುಡುಗನು ಪೂರ್ವರಂಗದ ಕೋಡಂಗಿಯಾಗಿ, ಬಾಲಗೋಪಾಲನಾಗಿ, ಅನಂತರ ಸ್ತ್ರೀವೇಷಧಾರಿಯಾಗಿ ಪಳಗಿದ ಮೇಲೆಯೇ ಪುರುಷವೇಷಗಳತ್ತ ಏರಬೇಕೆಂಬ ಕ್ರಮವಿತ್ತು. ಹೆಣ್ಣಿನ ನಡೆ, ನೋಟ, ಲಾಸ್ಯಗಳನ್ನು ಮೊದಲು ಮೈಗೂಡಿಸಿಕೊಂಡ ದೇಹಕ್ಕೇ ಮುಂದೆ ವೀರದ ಗತ್ತು ಒಲಿಯುತ್ತಿತ್ತು. ಈ ಕ್ರಮದಲ್ಲಿ ನನಗೆ ಅಪಾರ ವಿವೇಕ ಕಾಣುತ್ತದೆ.

ಕನ್ನಡನಾಡಿನ ನಗರದಲ್ಲಿ ಹುಟ್ಟಿದ ನರ್ತಕನಿಗೆ ಇಂತಹ ಸಿದ್ಧ ಪರಂಪರೆ ದೊರೆಯಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಕಲಿತು, 1939ರಲ್ಲಿ ಲಂಡನ್ನಿನ ರಂಗವನ್ನೇರಿದ ರಾಮಗೋಪಾಲರು, ಅದುವರೆಗೆ ದೇವದಾಸಿಯರದಾಗಿದ್ದ ನೃತ್ಯದಲ್ಲಿ ಪುರುಷನಿಗೆ ಹೊಸದಾಗಿ ಉಡುಗೆಯನ್ನು ಕಲ್ಪಿಸಿಕೊಳ್ಳಬೇಕಾಯಿತು. ಅವರು ದೇವಾಲಯಗಳ ಶಿಲ್ಪವನ್ನು ನೆನಪಿಗೆ ತರುವಂತೆ ಎದೆಯನ್ನು ತೆರೆದಿಟ್ಟು, ಹಾರ ಕಿರೀಟಗಳಿಂದ ಸಿಂಗರಿಸಿಕೊಂಡರು. ಅದೂ ಸುಂದರವಾದ ಪರಿಹಾರವೇ. ಆದರೆ ಒಬ್ಬನ ಪ್ರತಿಭೆಯಿಂದ ಬಂದದ್ದು, ಊರಿನ ಒಪ್ಪಿಗೆಯಿಂದ ಬಂದದ್ದಲ್ಲ.

ಕರಾವಳಿಯಲ್ಲಿ ಆ ಒಪ್ಪಿಗೆ ಸಡಿಲಿದ್ದು ಕಂಪನಿ ನಾಟಕಗಳು ಬಂದ ಬಳಿಕ. ದೀವಟಿಗೆ ಹೋಗಿ ಗ್ಯಾಸ್‌ಲೈಟು, ಅದು ಹೋಗಿ ವಿದ್ಯುದ್ದೀಪ ಬಂದಾಗ, ಮರದ ಆಭರಣಗಳು ಹಲವರ ಕಣ್ಣಿಗೆ ಒರಟಾಗಿ ಕಂಡವು. ಮಖಮಲ್ಲಿನ ಅಂಗಿ, ಮಣಿಸರ, ರವಿವರ್ಮನ ಪಟಗಳ ಕೃಷ್ಣ ರಾಮರ ಹೊಳಪು ಚೌಕಿಯನ್ನು ಹೊಕ್ಕವು. ಶಿವರಾಮ ಕಾರಂತರು ಇದನ್ನು ಕಟುವಾಗಿಯೇ ವಿರೋಧಿಸಿದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ‘ಯಕ್ಷಗಾನ ಬಯಲಾಟ’ದ ಕರ್ತೃಗಳಾದ ಅವರು, ತಮ್ಮ ಪ್ರಯೋಗಗಳಲ್ಲಿ ಹಳೆಯ ವೇಷಭೂಷಣಕ್ಕೇ ಮರಳಿದರು. ಅವರ ಎಲ್ಲ ಮಾರ್ಪಾಡುಗಳನ್ನೂ ಒಪ್ಪದವರುಂಟು. ಪಾತ್ರಗಳ ಮಾತುಗಾರಿಕೆಯನ್ನು ಮೊಟಕುಗೊಳಿಸಿದ್ದು ನನಗೂ ಒಪ್ಪಿಗೆಯಿಲ್ಲ. ಉಡುಗೆಯ ವಿಷಯದಲ್ಲಿ ಮಾತ್ರ ಅವರ ಕಣ್ಣು ತಪ್ಪಲಿಲ್ಲ.

ಇಂದು ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟಿ ಕರ್ಣಾರ್ಜುನರಾಗುತ್ತಿದ್ದಾರೆ. ಪುರುಷ ಕಲಾವಿದರಾದ ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀವೇಷವೊಂದರಿಂದಲೇ ಇಡಿಯ ಪ್ರದರ್ಶನವನ್ನು ತುಂಬಿ ತೋರಿಸಿದ್ದಾರೆ. ಯಕ್ಷಗಾನವನ್ನು ಕಲಿಸುವ ಗುರುಗಳಲ್ಲಿ ನನ್ನದೊಂದು ಬಿನ್ನಹ: ತಾಳ ಹೆಜ್ಜೆಗಳೊಡನೆ ಪ್ರತಿ ಶಿಷ್ಯನಿಗೂ ಕಸೆಸೀರೆಯನ್ನುಡುವುದನ್ನು, ಮುಂಡಾಸನ್ನು ತನ್ನ ಕೈಯಾರೆ ಕಟ್ಟುವುದನ್ನು ಕಲಿಸಿರಿ, ಪುರುಷವೇಷಕ್ಕೆ ಏರಿಸುವ ಮೊದಲು ಅವನಿಂದ ಒಂದು ಸ್ತ್ರೀವೇಷವನ್ನು ಮಾಡಿಸಿರಿ.