ಕಾರಂತ, ಬಿ.ವಿ. (ಮಕ್ಕಳ ರಂಗಸಂಗೀತ)

ಬಾಬುಕೋಡಿ ವೆಂಕಟರಮಣ ಕಾರಂತ (1929–2002) ಕನ್ನಡದ ರಂಗನಿರ್ದೇಶಕ, ಸಂಗೀತ ಸಂಯೋಜಕ, ಚಲನಚಿತ್ರ ನಿರ್ದೇಶಕ. ಮಕ್ಕಳ ನಾಟಕಕ್ಕೆ ಹಾಡನ್ನೇ ಬೆನ್ನೆಲುಬಾಗಿಸಿದವರು. ಜನನ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೆಯ ತರಗತಿಯಲ್ಲೇ ‘ನನ್ನ ಗೋಪಾಲ’ ನಾಟಕಕ್ಕೆ ಬಣ್ಣ ಹಚ್ಚಿದರು. ಮುಂದೆ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. 1969–72ರಲ್ಲಿ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕ ಕಲಿಸಿದರು.

ಅವರ ಮಕ್ಕಳ ನಾಟಕಗಳಲ್ಲಿ ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ ಸೇರಿವೆ. ಎಲ್ಲಕ್ಕಿಂತ ತೂಕದ್ದು ‘ಪಂಜರ ಶಾಲೆ’. ಇದಕ್ಕೆ ಆಧಾರ ರವೀಂದ್ರನಾಥ ಠಾಕೂರರ ಗಿಳಿಯ ಕಥೆ: ಹಾಡಿಕೊಂಡು ಹಾರಾಡುತ್ತಿದ್ದ ಹಕ್ಕಿಗೆ ವಿದ್ಯೆ ಕಲಿಸಲು ರಾಜನ ಆಳುಗಳು ಚಿನ್ನದ ಪಂಜರ ಮಾಡಿಸಿ, ಗಂಟಲಿಗೆ ಪುಸ್ತಕದ ಹಾಳೆ ತುರುಕುತ್ತಾರೆ; ಕೊನೆಗೆ ಸತ್ತ ಹಕ್ಕಿಯನ್ನು ರಾಜ ಒತ್ತಿ ನೋಡಿದಾಗ ಒಳಗೆ ಒಣ ಕಾಗದ ಮಾತ್ರ ಸರಪರ ಎನ್ನುತ್ತದೆ. ಮಗುವನ್ನು ಹಿಂಸಿಸುವ ಶಾಲೆಯ ವಿರುದ್ಧ ಇಷ್ಟು ನೇರವಾದ ಮಕ್ಕಳ ನಾಟಕ ಕನ್ನಡದಲ್ಲಿ ವಿರಳ. ಶಾಸ್ತ್ರೀಯ ರಾಗ, ಕಂಪನಿ ನಾಟಕದ ಮಟ್ಟು, ಜನಪದ ಧಾಟಿ, ದಿನಬಳಕೆಯ ವಸ್ತುಗಳ ಸದ್ದು, ಎಲ್ಲವೂ ಕಾರಂತರ ರಂಗಸಂಗೀತಕ್ಕೆ ಒದಗಿದವು.

ಪತ್ನಿ ಪ್ರೇಮಾ ಕಾರಂತ 1979ರಲ್ಲಿ ಮಕ್ಕಳ ರಂಗತಂಡ ‘ಬೆನಕ ಮಕ್ಕಳ ಕೇಂದ್ರ’ ಆರಂಭಿಸಿದರು. ಮೈಸೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ರಂಗಸಂಸ್ಥೆ ರಂಗಾಯಣಕ್ಕೆ ಕಾರಂತರೇ ಮೊದಲ ನಿರ್ದೇಶಕರು.